ಕರ್ಜನ್ನನೂ ಪ್ರಭುಗಳ ಸಭೆಯೂ

1902ನೆಯ ಇಸವಿಯ ಆಗಸ್ಟ್ 8ರಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸಂಪೂರ್ಣ ರಾಜ್ಯಾಧಿಕಾರವನ್ನು ವಹಿಸಿಕೊಡಲು ಮೈಸೂರಿಗೆ ಬಂದ ವೈಸರಾಯ್ ಕರ್ಜನ್ನನನ್ನು ನಮ್ಮ ನಾಡು ಬಲ್ಲದು. ಬಂಗಾಳವನ್ನು ಒಡೆದವನೆಂದು ಭಾರತವೆಲ್ಲವೂ ಬಲ್ಲದು. ಇಂಗ್ಲೆಂಡಿನ ಶಾಸನಮಂದಿರದಲ್ಲಿ ಯಾರ ಮತವನ್ನೂ ಯಾಚಿಸದೆ, ಬಹುಮಟ್ಟಿಗೆ ಜನ್ಮಮಾತ್ರದಿಂದಲೇ ಪೀಠವನ್ನು ಪಡೆಯುತ್ತಿದ್ದ ಪ್ರಭುಗಳ ಸಭೆಯು, ಎಂದರೆ ಹೌಸ್ ಆಫ್ ಲಾರ್ಡ್ಸ್, ತನ್ನ ಅಧಿಕಾರವನ್ನು ಹೇಗೆ ಕಳೆದುಕೊಂಡಿತೆಂಬುದನ್ನು ಅರಿಯಬೇಕೆನ್ನುವವರಿಗೂ ಇದೇ ಕರ್ಜನ್ನನ ಜೀವಿತವು ಒಳ್ಳೆಯ ದಾರಿಯನ್ನು ತೋರುತ್ತದೆ. ಅವನು ಮೈಸೂರಿಗೆ ಬಂದುದರ ಹಿಂದಿನ ತಿಂಗಳಿನಲ್ಲಿಯೇ ಸಾಲ್ಸ್‌ಬರಿ ಪ್ರಭುವು ಪ್ರಧಾನಮಂತ್ರಿಪದವಿಯನ್ನು ತ್ಯಜಿಸಿದ್ದನು. ಪ್ರಭುಗಳ ಸಭೆಯಲ್ಲಿ ಕುಳಿತು ರಾಜ್ಯಭಾರವನ್ನು ನಡೆಸಿದ ಪ್ರಧಾನಿಗಳಲ್ಲಿ ಅವನೇ ಕೊನೆಯವನು.

ಆ ಸಭೆಯು ಬಹು ಪುರಾತನವಾದುದು. ರಾಜನ ಶಿರಚ್ಛೇದವಾದ 1649ರಲ್ಲಿ ಕಾಮನ್ಸ್ ಸಭೆಯು ಅದನ್ನು ನಿರರ್ಥಕವೆಂದು ರದ್ದುಮಾಡಿತು. 1660ರಲ್ಲಿ ರಾಜತ್ವದೊಡನೆ ಅದೂ ಮರಳಿ ಬಂದಿತು. ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆಯನ್ನು 1831ರಲ್ಲಿ ಅದು ತಳ್ಳಿಹಾಕಲು, ಬ್ರಿಸ್ಟಲ್ ನಗರವು ಹೊತ್ತಿ ಉರಿಯಿತು. ಮರುವರ್ಷ, ಹೊಸ ಪ್ರಭುಗಳನ್ನು ಸೃಷ್ಟಿಸಿ ಬಹುಮತವನ್ನು ಮುಳುಗಿಸುವೆವೆಂಬ ಬೆದರಿಕೆಯ ಮುಂದೆ ಅದು ಬಾಗಿತು. ಆದರೂ ಕಾನೂನಿನಲ್ಲಿ ಅದರ ನಿಷೇಧಾಧಿಕಾರವು ಪೂರ್ಣವಾಗಿಯೇ ಉಳಿದಿತ್ತು. ಐರ್ಲೆಂಡಿನ ಸ್ವಯಮಾಡಳಿತದ ಮಸೂದೆಯನ್ನು 1893ರಲ್ಲಿ 41ಕ್ಕೆ ವಿರುದ್ಧವಾಗಿ 419 ಮತಗಳಿಂದ ಕೆಡವಿದ ಸಭೆಗೆ ಬಲವಿಲ್ಲವೆಂದು ಯಾರು ತಾನೆ ಹೇಳಿಯಾರು?

ಕರ್ಜನ್ನನಿಗಾದರೋ ತರುಣದೆಸೆಯಿಂದಲೇ ಆ ಸಭೆಯು ಒಂದು ಭೀತಿಯಾಗಿತ್ತು. ಪ್ರಭುವಿನ ಜ್ಯೇಷ್ಠಪುತ್ರನಾಗಿ ಹುಟ್ಟಿದವನು, ತಂದೆ ತೀರಿದ ದಿನವೇ, ಇಚ್ಛೆಯಿದ್ದರೂ ಇಲ್ಲದಿದ್ದರೂ, ಕಾಮನ್ಸ್ ಸಭೆಯನ್ನು ಬಿಟ್ಟು ಮೇಲ್ಮನೆಗೆ ಹೋಗಲೇಬೇಕಾಗಿತ್ತು. ಈ ನಿಯಮವನ್ನು ಮುರಿಯಲು 1895ರ ಸುಮಾರಿಗೆ ಅವನೂ ಅವನ ಇಬ್ಬರು ಮಿತ್ರರೂ ಹೋರಾಡಿ ಸೋತರು. 1898ರಲ್ಲಿ ವೈಸರಾಯ್ ಪದವಿಗಾಗಿ ಬಿರುದನ್ನು ಸ್ವೀಕರಿಸುವಾಗಲೂ ಅವನು ಐರ್ಲೆಂಡಿನ ಪ್ರಭುತ್ವವನ್ನೇ ಆರಿಸಿಕೊಂಡನು. ಅದು ಕಾಮನ್ಸ್ ಸಭೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಆದರೆ ಭಾರತದಿಂದ ಹಿಂದಿರುಗಿದ ಮೇಲೆ ಆ ಬಾಗಿಲು ಅವನಿಗೆ ತೆರೆಯಲಿಲ್ಲ. 1908ರಲ್ಲಿ ಪ್ರಭುಗಳ ಸಭೆಯನ್ನೇ ಸೇರಿದನು.

ಮರುವರ್ಷವೇ ಮಹಾಕಲಹವು ಸಂಭವಿಸಿತು. ವೃದ್ಧರ ಪಿಂಚಣಿಗೂ ಯುದ್ಧನೌಕೆಗಳಿಗೂ ಹಣವನ್ನು ಕೂಡಿಸುವುದಕ್ಕೋಸುಗ ಲಾಯ್ಡ್ ಜಾರ್ಜನು ಭೂಮಿಯ ಮೌಲ್ಯದ ಮೇಲೆ ತೆರಿಗೆಯನ್ನು ಹೂಡಿ ಆಯವ್ಯಯವನ್ನು ಮಂಡಿಸಲು, ಭೂಮಾಲೀಕರೇ ತುಂಬಿದ್ದ ಮೇಲ್ಮನೆಯು, ಹಣದ ವಿಷಯದಲ್ಲಿ ಕಾಮನ್ಸ್ ಸಭೆಯ ಮಾತೇ ಅಂತಿಮವೆಂಬ ಪರಂಪರೆಯನ್ನು ಮೀರಿ, 1909ರ ನವೆಂಬರ್ 30ರಂದು 75ರ ವಿರುದ್ಧ 350 ಮತಗಳಿಂದ ಅದನ್ನು ತಿರಸ್ಕರಿಸಿತು. 1910ರಲ್ಲಿ ಎರಡು ಮಹಾಚುನಾವಣೆಗಳು ನಡೆದುವು. ಆಸ್ಕ್ವಿತ್ ಪ್ರಧಾನಿಯು ತಂದ ಪಾರ್ಲಿಮೆಂಟ್ ಮಸೂದೆಯ ಪ್ರಕಾರ ಮೇಲ್ಮನೆಯು ಹಣಕಾಸಿನ ಮಸೂದೆಯನ್ನು ಒಂದು ತಿಂಗಳಿಗಿಂತಲೂ, ಉಳಿದ ಮಸೂದೆಗಳನ್ನು ಸುಮಾರು ಎರಡು ವರ್ಷಗಳಿಗಿಂತಲೂ ಹೆಚ್ಚು ಕಾಲ ತಡೆಹಿಡಿಯುವಂತಿರಲಿಲ್ಲ. ಆನುವಂಶಿಕ ಸಭೆಯ ಸ್ಥಾನದಲ್ಲಿ ಮುಂದೆ ಜನಮೂಲವಾದ ಸಭೆಯೊಂದನ್ನು ಕಟ್ಟುವುದೇ ಉದ್ದೇಶವೆಂದು ಅದರ ಪೀಠಿಕೆಯು ಘೋಷಿಸಿತ್ತು.

ಸರ್ಕಾರವು ನೂರಾರು ಹೊಸ ಪ್ರಭುಗಳನ್ನು ಸೃಷ್ಟಿಸಲಾರದೆಂದು ನಂಬಿದ್ದ ಕರ್ಜನ್ನನು ಮೊದಮೊದಲು ಹೋರಾಟವನ್ನೇ ಬೋಧಿಸಿದನು. ಐದನೆಯ ಜಾರ್ಜ್ ದೊರೆಯು ಒಪ್ಪಿಗೆಯಿತ್ತಿರುವುದು ನಿಶ್ಚಯವೆಂದು ತಿಳಿದೊಡನೆ ಅವನು ಪೂರ್ಣವಾಗಿ ತಿರುಗಿದನು; ನಮ್ಮಲ್ಲಿ ಅವನಿಗಿಂತ ಮುಂಚೆ ವೈಸರಾಯ್ ಆಗಿದ್ದ ಲ್ಯಾನ್ಸ್‌ಡೌನನೊಡನೆ ಸೇರಿ, ಮತ ಕೊಡದೆ ತಟಸ್ಥರಾಗಿರಿ ಎಂದು ಸಹಪ್ರಭುಗಳನ್ನು ಬೇಡಿದನು. 1911ರ ಆಗಸ್ಟ್ 10ರ ಆ ಬಿಸಿಲಿನ ದಿನ, ಮಿಂಟೋ-ಮಾರ್ಲೆ ಸುಧಾರಣೆಗಳಿಂದ ನಮಗೆ ಪರಿಚಿತನಾದ ಮಾರ್ಲೆಯೇ ಎದ್ದುನಿಂತು, ಮಸೂದೆಯು ಬಿದ್ದರೆ ಬೇಕಾದಷ್ಟು ಪ್ರಭುಗಳನ್ನು ಸೃಷ್ಟಿಸಲು ದೊರೆಯು ಸಮ್ಮತಿಸುವನೆಂಬ ಹೇಳಿಕೆಯನ್ನು ಓದಿದನು. 114ಕ್ಕೆ ಎದುರಾಗಿ 131 ಮತಗಳಿಂದ ಪ್ರಭುಗಳು ತಮ್ಮ ನಿಷೇಧಾಧಿಕಾರವನ್ನು ತಾವೇ ಒಪ್ಪಿಸಿಬಿಟ್ಟರು. ಕರ್ಜನ್ನನನ್ನು ಅವನ ಪಕ್ಷದ ಹಟವಾದಿಗಳು ದ್ರೋಹಿಯೆಂದು ಹಳಿದರು. ಬಂಗಾಳದ ಕೂಗಿಗೆ ಕಿವಿಗೊಡದಿದ್ದ ಮನುಷ್ಯನ ಸಾರ್ವಜನಿಕ ಜೀವಿತದಲ್ಲಿ ಇದು ಅತ್ಯಂತ ವಿವೇಕದ ಕಾರ್ಯವೆಂದೇ ನಾನು ಎಣಿಸುತ್ತೇನೆ.

ಆ ಸಭೆಯ ಕುಗ್ಗಿದ ಬೆಲೆಯನ್ನು ಕೊನೆಗೆ ತೆತ್ತವನೂ ಅವನೇ. 1923ರ ಮೇ ತಿಂಗಳಿನಲ್ಲಿ ಬೊನಾರ್ ಲಾ ವ್ಯಾಧಿಗ್ರಸ್ತನಾಗಿ ಪ್ರಧಾನಿಪದವಿಯನ್ನು ಬಿಟ್ಟಾಗ, ಅನುಭವದಲ್ಲಿ ವಿದೇಶಮಂತ್ರಿ ಕರ್ಜನ್ನನಿಗೆ ಸಮನಾದವರು ಮಂತ್ರಿಮಂಡಲದಲ್ಲಿರಲಿಲ್ಲ. ದೂರವಾಣಿಯಿಲ್ಲದ ತನ್ನ ಹಳ್ಳಿಯ ಮನೆಯಿಂದ ತಂತಿಯ ಕರೆಯ ಮೇರೆಗೆ ಲಂಡನ್ನಿಗೆ ಧಾವಿಸಿದವನಿಗೆ, ದೊರೆಯು ಬಾಲ್ಡ್‌ವಿನ್ನನನ್ನು ಆರಿಸಿರುವನೆಂಬ ವಾರ್ತೆಯು ಕಾದಿತ್ತು. ಅವನ ಗರ್ವಿಷ್ಠ ಸ್ವಭಾವವೂ ಅಡ್ಡಬಂದಿರಬಹುದು. ಆದರೆ ಮುಖ್ಯ ವಿರೋಧಪಕ್ಷವಾದ ಲೇಬರ್ ಪಕ್ಷಕ್ಕೆ ಪ್ರಾತಿನಿಧ್ಯವೇ ಇಲ್ಲದಂತಿದ್ದ ಸಭೆಯಲ್ಲಿ ಪ್ರಧಾನಿಯು ಕುಳಿತಿರುವುದು ಯುಕ್ತವಲ್ಲವೆಂಬುದೇ ದೊರೆಯು ಕೊಟ್ಟ ಕಾರಣ.

ಮುಂದಿನದನ್ನು ಬೇಗ ಹೇಳಬಹುದು. 1945ರಲ್ಲಿ ಲೇಬರ್ ಪಕ್ಷವು ಭಾರಿ ಬಹುಮತದಿಂದ ಗೆದ್ದಾಗ, ಜನರ ಮುಂದಿಟ್ಟು ಸಮ್ಮತಿ ಪಡೆದ ಪ್ರಣಾಳಿಕೆಯ ಮಸೂದೆಗಳನ್ನು ಕೆಡವುವುದಿಲ್ಲವೆಂಬ ಸಂಪ್ರದಾಯವನ್ನು ಹಾಕಿಕೊಟ್ಟವನು ಆ ಹಳೆಯ ಪ್ರಧಾನಿ ಸಾಲ್ಸ್‌ಬರಿಯ ಮೊಮ್ಮಗನು. 1949ರಲ್ಲಿ ತಡೆಯ ಅವಧಿಯು ಒಂದು ವರ್ಷಕ್ಕಿಳಿಯಿತು. 1958ರ ಶಾಸನದಿಂದ ಆಜೀವ ಪ್ರಭುಗಳೂ, ಅವರೊಡನೆ ಪ್ರಪ್ರಥಮವಾಗಿ ಸ್ತ್ರೀಯರೂ ಸಭೆಯನ್ನು ಪ್ರವೇಶಿಸಿದರು. ಕರ್ಜನ್ನನು ಯೌವನದಲ್ಲಿ ಬಯಸಿ ಪಡೆಯಲಾರದೆ ಹೋದ ಹಕ್ಕನ್ನು, ಎಂದರೆ ಪ್ರಭುತ್ವವನ್ನು ತ್ಯಜಿಸಿ ಕಾಮನ್ಸ್ ಸಭೆಯಲ್ಲಿ ಉಳಿಯುವ ಹಕ್ಕನ್ನು, 1963ರಲ್ಲಿ ಹೋರಾಡಿ ಗಳಿಸಿಕೊಟ್ಟವನು ಟೋನಿ ಬೆನ್. ಮೊದಲ ದುಂಡುಮೇಜಿನ ಪರಿಷತ್ತಿಗೆ ನಮ್ಮ ದಿವಾನ್ ಮಿರ್ಜಾ ಇಸ್ಮಾಯಿಲರು ಹೋಗಿದ್ದ ಕಾಲದ ಭಾರತಮಂತ್ರಿ ವೆಡ್ಜ್‌ವುಡ್ ಬೆನ್ನನ ಮಗನವನು. 1999ರ ಶಾಸನವು ಆನುವಂಶಿಕ ಪ್ರಭುಗಳಲ್ಲಿ 92 ಮಂದಿಯ ಹೊರತು ಉಳಿದವರೆಲ್ಲರನ್ನೂ ಸಭೆಯಿಂದ ಕಳುಹಿಸಿತು.

ಇಷ್ಟಾದರೂ 1911ರ ಪೀಠಿಕೆಯ ವಾಗ್ದಾನವು ನೆರವೇರದಿರುವುದಕ್ಕೆ ಪ್ರಭುಗಳ ಹಟವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಮೇಲ್ಮನೆಗೆ ಜನರ ಮತವು ದೊರೆತಲ್ಲಿ ಅದು ತಮಗೆ ಪ್ರತಿಸ್ಪರ್ಧಿಯಾಗಿ ನಿಲ್ಲುವುದೆಂಬ ಶಂಕೆಯು ಕಾಮನ್ಸ್ ಸದಸ್ಯರನ್ನು ಬಿಟ್ಟಿಲ್ಲ. 1969ರಲ್ಲಿ ವಿಲ್ಸನ್ ಸರ್ಕಾರದ ಮಸೂದೆಯನ್ನು, ಸಭೆಯೇ ಬೇಡವೆನ್ನುತ್ತಿದ್ದ ಮೈಕೆಲ್ ಫುಟ್ಟನೂ ಇದ್ದಂತೆಯೇ ಇರಲೆನ್ನುತ್ತಿದ್ದ ಈನಕ್ ಪೊವೆಲ್ಲನೂ ಕಾಮನ್ಸ್ ಸಭೆಯಲ್ಲಿ ಕೈಗೂಡಿಸಿ ಮುಗಿಸಿದರು. ನೂರರಲ್ಲಿ ಎಂಬತ್ತು ಪಾಲು ಚುನಾಯಿತ ಸದಸ್ಯರನ್ನು ತರಬೇಕೆಂದಿದ್ದ 2012ರ ಮಸೂದೆಯೂ ಅಲ್ಲಿಯೇ ನಿಂತಿತು. ಮಸೂದೆಗಳನ್ನು ಸಾವಧಾನದಿಂದ ತಿದ್ದುವ ಎರಡನೆಯ ಸಭೆಯು ಬೇಕೆಂದೇ ನನ್ನ ಮತ. ಆದರೆ ಪ್ರಧಾನಿಯಾದವನು ಎಷ್ಟು ಮಂದಿಯನ್ನು ಅಲ್ಲಿಗೆ ನೇಮಿಸಬಹುದೆಂಬುದಕ್ಕೆ ಶಾಸನದಲ್ಲಿ ಮಿತಿಯಿಲ್ಲದಿರುವಾಗ, ಜನ್ಮವು ಕುಳಿತಿದ್ದ ಪೀಠದಲ್ಲಿ ಅನುಗ್ರಹವು ಕುಳಿತಂತಾಗಿದೆ. ಚುನಾವಣೆಯ ಪ್ರಶ್ನೆಯು ತೀರ್ಮಾನವಾಗುವವರೆಗೆ ಕಾಯದೆ, ಆ ನೇಮಕಗಳಿಗೊಂದು ಮಿತಿಯನ್ನು ವಿಧಿಸುವುದರಿಂದಲೇ ಸುಧಾರಣೆಯು ಮೊದಲಾಗತಕ್ಕದ್ದು.