ಗ್ರಿಪ್ಪರ್ ಪಟ್ಟಿ: ಏರುತಗ್ಗಿನ ಕಾಂಕ್ರೀಟ್ ನೆಲದಲ್ಲಿ ಜೋಡಣೆ

ಗ್ರಿಪ್ಪರ್ ಪಟ್ಟಿಯೆಂದರೆ ಗೋಡೆಯಿಂದ ಗೋಡೆಗೆ ಹಾಸುವ ಕಾರ್ಪೆಟ್ಟನ್ನು ಅಂಚಿನಲ್ಲಿ ಬಿಗಿಯಾಗಿ ಹಿಡಿದಿಡುವ ಮುಳ್ಳುಪಟ್ಟಿ. ಬ್ರಿಟನ್ ಮತ್ತು ಉತ್ತರ ಅಮೆರಿಕದ ಮನೆಗಳಲ್ಲಿ ಇದರ ಬಳಕೆ ಹೆಚ್ಚು. ಸುಮಾರು 25 ಮಿ.ಮೀ. ಅಗಲ, 6–7 ಮಿ.ಮೀ. ದಪ್ಪದ ಪ್ಲೈವುಡ್ ಪಟ್ಟಿಯಿಂದ ಉಕ್ಕಿನ ಮುಳ್ಳುಗಳು ಎರಡು ಅಥವಾ ಮೂರು ಸಾಲಾಗಿ, ಓರೆಯಾಗಿ ಮೇಲೆದ್ದಿರುತ್ತವೆ. ಮುಳ್ಳಿನ ಮೊನೆ ಗೋಡೆಯ ಕಡೆಗಿರಬೇಕು. ಗೋಡೆಗೂ ಪಟ್ಟಿಗೂ ನಡುವೆ ಕಾರ್ಪೆಟ್ಟಿನ ದಪ್ಪಕ್ಕಿಂತ ತುಸು ಕಿರಿದಾದ ಸಂದು ಬಿಟ್ಟು, ಕಾರ್ಪೆಟ್ಟಿನ ಅಂಚನ್ನು ಅದರೊಳಗೆ ತುರುಕುತ್ತಾರೆ.

ಎಳೆದು ಕೂರಿಸಿದ ಕಾರ್ಪೆಟ್ಟು ಪಟ್ಟಿಯನ್ನು ಕೋಣೆಯ ಒಳಕ್ಕೆ ಸದಾ ಜಗ್ಗುತ್ತಿರುತ್ತದೆ. ಆದ್ದರಿಂದ ಮೊಳೆ ಹೊಡೆದು ಕೂರಿಸಿದ ಪಟ್ಟಿ ನೆಲಕ್ಕೆ ಪೂರ್ತಿ ಒತ್ತಿಕೊಂಡಿರಬೇಕು. ಏರುತಗ್ಗಿನ ಕಾಂಕ್ರೀಟಿನಲ್ಲಿ ತೊಡಕಾಗುವುದು ಇಲ್ಲೇ. ತಗ್ಗಿನ ಮೇಲೆ ಸೇತುವೆಯಂತೆ ನಿಂತ ಉದ್ದನೆಯ ಪಟ್ಟಿ ಸುತ್ತಿಗೆಯ ಏಟಿಗೆ ಬಾಗಿ, ಮತ್ತೆ ಮೇಲಕ್ಕೆ ಚಿಮ್ಮಿ, ಮೊಳೆಯನ್ನೇ ಸಡಿಲಿಸುತ್ತದೆ. ಮೊಳೆಯ ಸುತ್ತಲಿನ ಕಾಂಕ್ರೀಟು ಬಟ್ಟಲಿನಾಕಾರದಲ್ಲಿ ಸಿಡಿದು ಹೋಗುವುದೂ ಉಂಟು. ಆಗ ಇನ್ನೂ ಉದ್ದದ ಮೊಳೆಗೆ ಕೈಹಾಕುವುದು ಸಾಮಾನ್ಯ. ಆದರೆ ಗಟ್ಟಿ ಕಾಂಕ್ರೀಟಿನಲ್ಲಿ ಅದು ಬಾಗುತ್ತದೆ, ಇಲ್ಲವೆ ನೆಲವನ್ನು ಮತ್ತಷ್ಟು ಒಡೆಯುತ್ತದೆ.

ಎಲ್ಲಕ್ಕಿಂತ ಸರಳವೂ ನಂಬಿಕೆಗೆ ಅರ್ಹವೂ ಆದ ದಾರಿಯೆಂದರೆ ಪಟ್ಟಿಯನ್ನು 10–15 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಒಂದರ ಪಕ್ಕ ಒಂದನ್ನು ಕೂರಿಸುವುದು. ಗಿಡ್ಡ ತುಂಡು ನೆಲದ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ. ಪ್ರತಿ ತುಂಡಿಗೂ ಕನಿಷ್ಠ ಎರಡು ಮೊಳೆ ಬೇಕು. ಒಂದೇ ಇದ್ದರೆ ತುಂಡು ತಿರುಗಿಬಿಡುತ್ತದೆ. ಎದ್ದು ಕಾಣುವ ಉಬ್ಬನ್ನು ಗ್ರೈಂಡರಿನಿಂದ ಉಜ್ಜಬೇಕು, ಆಳದ ಗುಂಡಿಯನ್ನು ಸಿಮೆಂಟ್ ಮಿಶ್ರಣದಿಂದ ತುಂಬಿ ಒಣಗಲು ಬಿಡಬೇಕು. ಉಜ್ಜುವಾಗ ಏಳುವ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಮಾರಕವಾದ್ದರಿಂದ, ಧೂಳನ್ನು ಹೀರುವ ಯಂತ್ರವೂ ತಕ್ಕ ಮುಖಗವಸೂ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಮೊಳೆ ಇಳಿಯದಷ್ಟು ಗಟ್ಟಿಯಾದ ನೆಲದಲ್ಲಿ ಹ್ಯಾಮರ್ ಡ್ರಿಲ್‌ನಿಂದ ರಂಧ್ರ ಕೊರೆದು, ಮರದ ಬೆಣೆ ಬಡಿದು, ಅದಕ್ಕೆ ಮೊಳೆ ಹೊಡೆಯುತ್ತಾರೆ. ಇನ್ನೊಂದು ಉಪಾಯ ಅಂಟು. ಎಪಾಕ್ಸಿಯಂಥ ಗಟ್ಟಿ ಅಂಟು ಪಟ್ಟಿಯ ಅಡಿಯ ಸಣ್ಣ ಪೊಳ್ಳನ್ನೂ ತುಂಬುತ್ತದೆ. ನೆಲದಲ್ಲಿ ಧೂಳು, ಹಳೆಯ ಬಣ್ಣ, ತೇವ ಉಳಿದಿದ್ದರೆ ಮಾತ್ರ ಯಾವ ಅಂಟೂ ನಿಲ್ಲದು. ಅಂಟು ಪೂರ್ತಿ ಗಟ್ಟಿಯಾಗುವ ಮುನ್ನ ಕಾರ್ಪೆಟ್ಟು ಎಳೆಯಬಾರದು. ನೆಲದೊಳಗೆ ಬಿಸಿನೀರಿನ ಕೊಳವೆಗಳಿರುವ ಮನೆಗಳಲ್ಲಿ ಕೊರೆಯುವುದು, ಮೊಳೆ ಹೊಡೆಯುವುದು ಅಪಾಯ. ಅಲ್ಲಿ ಅಂಟೇ ಸರಿ.

ಮೇಲ್ಪದರವೇ ಪುಡಿಯಾಗುತ್ತಿರುವ ಕಾಂಕ್ರೀಟಿಗೆ ಈ ಯಾವ ಉಪಾಯವೂ ಹೊಂದುವುದಿಲ್ಲ. ಸಡಿಲ ಭಾಗವನ್ನು ಕೆತ್ತಿ ತೆಗೆದು ಹೊಸ ಪದರ ಹಾಕಬೇಕು. ತೇವ ಏರುವ ನೆಲದಲ್ಲಿ ಪ್ಲೈವುಡ್ ಕೊಳೆಯುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪಟ್ಟಿ ಕೂರಿಸುವ ಮೊದಲೇ ತೇವದ ಮೂಲವನ್ನು ಸರಿಪಡಿಸಬೇಕು. ಸುಮಾರು 9 ಮೀಟರಿಗಿಂತ ದೊಡ್ಡ ಕೋಣೆಗಳಲ್ಲಿ ಜಗ್ಗುವ ಬಲ ಹೆಚ್ಚುವುದರಿಂದ, ಅಗಲವಾದ ಪಟ್ಟಿಯನ್ನು ಅಥವಾ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ಬಳಸುತ್ತಾರೆ.