ಮಹಾಸರೋವರಗಳ ನಾಡಿನಲ್ಲಿ ಚೂರಿ ಮತ್ತು ಕೈಗೊಡಲಿ



ಬೇಸಿಗೆ ಬಂದೊಡನೆ ಷಿಕಾಗೋ ಮತ್ತು ಡೆಟ್ರಾಯ್ಟ್ ಪರಿಸರದ ನಮ್ಮ ಅನೇಕ ಕುಟುಂಬಗಳು ಗುಡಾರಗಳೊಡನೆ ಮಿಷಿಗನ್ನಿನ ಕಾಡುಗಳತ್ತ ಹೊರಡುತ್ತವೆ. ಎಂತಹ ಚೂರಿ, ಎಂತಹ ಕೊಡಲಿಯನ್ನು ಒಯ್ಯಬೇಕೆಂಬ ಪ್ರಶ್ನೆ ಆಗ ಏಳುತ್ತದೆ. ಇದಕ್ಕೆ ಈ ನೆಲದ ಇತಿಹಾಸದಲ್ಲೇ ಉತ್ತರವಿದೆ.

ಸುಪೀರಿಯರ್ ಸರೋವರದ ಸುತ್ತಲಿನ ಮೂಲನಿವಾಸಿಗಳು ಏಳು ಸಾವಿರ ವರ್ಷಗಳಿಗೂ ಹಿಂದೆಯೇ, ನೆಲದಲ್ಲಿ ಶುದ್ಧರೂಪದಲ್ಲಿ ದೊರೆಯುತ್ತಿದ್ದ ತಾಮ್ರವನ್ನು ಕಾಯಿಸಿ, ಬಡಿದು ಚೂರಿಗಳನ್ನು ಮಾಡಿಕೊಂಡಿದ್ದರು. 1701ರಲ್ಲಿ ಕಾಡಿಲಾಕ್ ಡೆಟ್ರಾಯ್ಟಿನಲ್ಲಿ ಕೋಟೆ ಕಟ್ಟಿದ. ಫ್ರೆಂಚ್ ವರ್ತಕರು ಬೀವರ್ ತೊಗಲಿಗೆ ಬದಲಾಗಿ ಕಬ್ಬಿಣದ ಕೈಗೊಡಲಿಗಳನ್ನು ಕೊಟ್ಟರು. ದೋಣಿಯಲ್ಲಿ ಸಂಚರಿಸುವವನಿಗೆ ಹಗುರವಾದ ಆಯುಧವೇ ಬೇಕಾಗಿತ್ತು.

19ನೆಯ ಶತಮಾನದಲ್ಲಿ ಕೆಲಸ ಬದಲಾಯಿತು. ಷಿಕಾಗೋ ನಗರಕ್ಕೆ, ವಿಶೇಷವಾಗಿ 1871ರ ಮಹಾ ಅಗ್ನಿದುರಂತದ ನಂತರ, ಮಿಷಿಗನ್ನಿನ ಬಿಳಿ ಪೈನ್ ಮರ ಹೇರಳವಾಗಿ ಬೇಕಾಯಿತು. ಮರ ಕಡಿಯುವವರ ಕೈಗೆ ಉದ್ದ ಕಾವಿನ, ಎರಡು ಬಾಯಿಯ ಕೊಡಲಿ ಬಂದಿತು. ಅದು ಕಾಡನ್ನೇ ಉರುಳಿಸುವವನ ಆಯುಧ. ಒಂದು ರಾತ್ರಿ ತಂಗುವವನದಲ್ಲ.

ಈ ವ್ಯತ್ಯಾಸವನ್ನು ಅರಿತವನು ಮಿಷಿಗನ್ನಿನ ಗ್ಲ್ಯಾಡ್‌ಸ್ಟನ್ ಊರಿನ ವೆಬ್‌ಸ್ಟರ್ ಮಾರ್ಬಲ್. ಮರಗಳ ಅಂದಾಜು ಮಾಡುತ್ತ ಕಾಡು ಸುತ್ತುತ್ತಿದ್ದ ಆತ, ಬಾಯಿಯನ್ನು ಮುಚ್ಚುವ ಮಡಿಸುವ ಲೋಹದ ಕವಚವಿದ್ದ ಪುಟ್ಟ ಕೊಡಲಿಗೆ 1898ರಲ್ಲಿ ಪೇಟೆಂಟ್ ಪಡೆದ. ಷಿಕಾಗೋದ ಪ್ರಕಾಶಕ ವಿಲಿಯಂ ಬಾಯ್ಸ್ 1910ರಲ್ಲಿ ಸ್ಥಾಪಿಸಿದ ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯಲ್ಲಿಯೂ ಮಕ್ಕಳು ಸುರಕ್ಷತೆಯ ನಿಯಮಗಳನ್ನು ಕಲಿತು ‘ಟೋಟಿನ್ ಚಿಪ್’ ಎಂಬ ಪತ್ರ ಪಡೆದ ಮೇಲೆಯೇ ಚೂರಿ, ಕೊಡಲಿಗಳನ್ನು ಬಳಸುವ ಪದ್ಧತಿ ಬೆಳೆದುಬಂದಿತು.

ನಮ್ಮ ಮಲೆನಾಡಿನ ಬಾಗಿದ ಕತ್ತಿ ಹಸಿ ಸೊಪ್ಪು, ಎಳೆಯ ಕೊಂಬೆಗಳನ್ನು ಸವರಲು ಹೇಳಿಮಾಡಿಸಿದ್ದು. ಇಲ್ಲಿ ಬೇಕಾದದ್ದು ಒಣಗಿದ ಗಟ್ಟಿ ಸೌದೆಯನ್ನು ಸೀಳುವ, ಬೆಣೆಯಂತೆ ದಪ್ಪಗಿನ ತಲೆಯ ಕೈಗೊಡಲಿ.

ಮರ ಕಡಿಯುವ ಅಗತ್ಯವಂತೂ ಇಂದು ಇಲ್ಲವೇ ಇಲ್ಲ. 2002ರಲ್ಲಿ ಡೆಟ್ರಾಯ್ಟ್ ಬಳಿ ಪತ್ತೆಯಾದ, ಏಷ್ಯಾ ಮೂಲದ ಪಚ್ಚೆಬಣ್ಣದ ದುಂಬಿಯ ಮರಿಗಳು ತೊಗಟೆಯ ಒಳಪದರವನ್ನು ತಿಂದು ಕೋಟಿಗಟ್ಟಲೆ ಆಷ್ ಮರಗಳನ್ನು ಕೊಂದಿವೆ. ಸಾಗಿಸಿದ ಸೌದೆಯೊಡನೆ ಈ ಪಿಡುಗು ದೂರದೂರದ ರಾಜ್ಯಗಳಿಗೂ ಹಬ್ಬಿತು. ಆದ್ದರಿಂದ ಸೌದೆಯನ್ನು ಮನೆಯಿಂದ ಒಯ್ಯದೆ, ತಂಗುವ ಸ್ಥಳದ ಸಮೀಪದಲ್ಲೇ ಕೊಳ್ಳಬೇಕು. ಅದನ್ನು ಸೀಳುವುದಷ್ಟೇ ನಮ್ಮ ಕೆಲಸ.

ಅದಕ್ಕೆ ಒಂದೂಕಾಲು ಪೌಂಡು ತೂಕದ ತಲೆ, ಉದ್ದಕ್ಕೂ ನೇರ ಎಳೆಯಿರುವ ಹಿಕರಿ ಮರದ ಕಾವು ಸಾಕು. ಚೂರಿಗೆ ನಾಲ್ಕಂಗುಲದ ಮಡಿಸದ ಅಲಗು ಸಾಕು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಸಾಗಿರಲಿ. ಎರಡಕ್ಕೂ ಒರೆ ಇರಲೇಬೇಕು. ಮೊಂಡಾದ ಬಾಯಿ ಜಾರಿ ಕೈಗೆ ತಗಲುವುದರಿಂದ ಹರಿತವನ್ನೂ ಕಾಯ್ದುಕೊಳ್ಳಬೇಕು.

ಒಂದು ಎಚ್ಚರಿಕೆ. ಗಿಡ್ಡ ಕಾವಿನ ಕೊಡಲಿ ಗುರಿ ತಪ್ಪಿದರೆ ಬೀಸಿದವನ ಮೊಣಕಾಲಿಗೇ ಬರುತ್ತದೆ. ಆದುದರಿಂದ ಮಂಡಿಯೂರಿ, ಮರದ ದಿಮ್ಮಿಯ ಮೇಲಿಟ್ಟು ಸೀಳಬೇಕು. ಮಕ್ಕಳ ಕೈಗೆ ಕೊಡಲಿ ಕೊಡುವ ಮುನ್ನ ಮಂಡಿಯೂರುವುದನ್ನು ಕಲಿಸೋಣ.