ತಂತಿ ಕಚೇರಿಯಿಂದ ವಜೀರ ಪದವಿಗೆ

ಉಸ್ಮಾನಿಯಾ ಸಾಮ್ರಾಜ್ಯದ ಎದಿರ್ನೆ ಪಟ್ಟಣದ ತಂತಿ ಕಚೇರಿಯಲ್ಲಿ ಮೆಹ್ಮದ್ ತಲತ್ ಎಂಬ ತರುಣ ನೌಕರನಿದ್ದ. ಸುಲ್ತಾನ್ ಅಬ್ದುಲ್ ಹಮೀದರ ವಿರುದ್ಧ ಗುಪ್ತವಾಗಿ ದುಡಿದು ಜೈಲು ಸೇರಿದ. ಬಳಿಕ ಸಲೋನಿಕಾಕ್ಕೆ ಗಡೀಪಾರಾದ. ಅಲ್ಲೂ ಅಂಚೆ ಇಲಾಖೆಯದೇ ಕೆಲಸ. 1908ರ ಕ್ರಾಂತಿಯ ನಂತರ ಸಂಸತ್ತು ಪ್ರವೇಶಿಸಿ, 1917ರಲ್ಲಿ ಪ್ರಧಾನ ವಜೀರನೇ ಆದ.

ಈ ಏಳಿಗೆಯನ್ನಷ್ಟೇ ಹೇಳಿ ಸುಮ್ಮನಾಗುವವರು ನಮ್ಮಲ್ಲಿದ್ದಾರೆ. ಅದು ಸಲ್ಲದು. 1915ರಲ್ಲಿ ಆತ ಗೃಹಮಂತ್ರಿ. ಮನೆಯಲ್ಲೇ ತಂತಿ ಯಂತ್ರ ಇಟ್ಟುಕೊಂಡಿದ್ದ. ಆರ್ಮೇನಿಯನ್ನರನ್ನು ಊರು ಬಿಡಿಸಿ ಸಿರಿಯಾದ ಮರುಭೂಮಿಗೆ ಅಟ್ಟುವ ಆಜ್ಞೆಗಳು ಪ್ರಾಂತಗಳಿಗೆ ಹೋದದ್ದು ತಂತಿಯ ಮೂಲಕವೇ. ಲಕ್ಷಾಂತರ ಮಂದಿ ಕೊಲೆಗೂ ಹಸಿವಿಗೂ ಬಲಿಯಾದರು. ಮಜ್ಲೂಮನ ಧರ್ಮ ಯಾವುದೆಂದು ಕೇಳಿ ಮರುಗುವುದು ಇಸ್ಲಾಮಿನ ರೀತಿಯಲ್ಲ.

1921ರಲ್ಲಿ ಬರ್ಲಿನ್‌ನ ಬೀದಿಯಲ್ಲಿ ಆರ್ಮೇನಿಯನ್ ಯುವಕನೊಬ್ಬ ತಲತ್‌ನನ್ನು ಗುಂಡಿಕ್ಕಿ ಕೊಂದ. ಅದೇ ತಂತಿಗಳು ಜಲಾಲ್ ಬೇ ಎಂಬ ಅಧಿಕಾರಿಗೂ ತಲುಪಿದ್ದವು. ಮೊದಲು ಅಲೆಪ್ಪೊದಲ್ಲಿ, ಆಮೇಲೆ ಕೋನ್ಯಾದಲ್ಲಿ ಗವರ್ನರ್ ಆಗಿದ್ದ ಆ ಮುಸ್ಲಿಮ್ ಅಧಿಕಾರಿ ಗಡೀಪಾರನ್ನು ವಿರೋಧಿಸಿ ಹುದ್ದೆ ಕಳೆದುಕೊಂಡರು.